ಮಾರ್ಚ್ ಕೊನೆಯಲ್ಲಿ ಕೇದಾರಕಂಠ: ಒದ್ದೆ ಹಿಮಕ್ಕೆ ಮೈಸೂರಿನಿಂದಲೇ ತಯಾರಾಗಿ

ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟಿದ್ದೀವಿ ಅಂದರೆ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ, ಚಳಿ ತಡೆಯೋಕಾಗುತ್ತಾ ಅಂತ. ಚಳಿ ತಡೆಯಬಹುದು. ನಿಜವಾಗಿ ಕಾಡುವುದು ಒದ್ದೆ. ಜನವರಿಯಲ್ಲಿ ಹೋದರೆ ಹಿಮ ಸಾಮಾನ್ಯವಾಗಿ ಒಣಗಿ ಪುಡಿಪುಡಿಯಾಗಿರುತ್ತದೆ, ಬಟ್ಟೆ ಮೇಲೆ ಬಿದ್ದರೂ ಕೊಡವಿಕೊಂಡರೆ ಆಯ್ತು. ನಾವು ಹೋದದ್ದು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆಗೆ. ಆಗ ಹಿಮ ಇರುತ್ತದೆ, ಆದರೆ ಬಿಸಿಲೇರುತ್ತಿದ್ದಂತೆ ಕರಗಿ ನೀರು ಕುಡಿದು ಕೂತಿರುತ್ತದೆ. ಮಂಡ್ಯ ಕಡೆಯವರಿಗೆ ಹೇಳಬೇಕಂದ್ರೆ, ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಬೂಟು ಹಾಕಿಕೊಂಡು ಏರು ಹತ್ತಿದ ಹಾಗೆ. ಒಂದು ಹೆಜ್ಜೆ ನಿಲ್ಲುತ್ತದೆ, ಮುಂದಿನ ಹೆಜ್ಜೆ ಮೊಣಕಾಲವರೆಗೂ ಒಳಗೆ ಹೋಗುತ್ತದೆ.

ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹಾಗಾಗಿ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ನೆನೆದು ನಿಲ್ಲುವುದು, ಮೈನಸ್ ಐದರಲ್ಲಿ ಒಣಗಿರುವುದಕ್ಕಿಂತ ಅಪಾಯ. ಜೀನ್ಸ್, ಕಾಟನ್ ಬನಿಯನ್, ಕಾಟನ್ ಸಾಕ್ಸ್ ಇವನ್ನೆಲ್ಲ ಮನೆಯಲ್ಲೇ ಬಿಡಿ. ನಮ್ಮ ಜೊತೆ ಬಂದಿದ್ದ ಗೆಳೆಯರೊಬ್ಬರು ಜೀನ್ಸ್‌ನಲ್ಲೇ ನಡೆದರು. ಮಧ್ಯಾಹ್ನದ ಹೊತ್ತಿಗೆ ಅದು ಮಂಡಿವರೆಗೂ ನೆಂದಿತ್ತು, ಸಂಜೆ ಟೆಂಟ್ ಹೊರಗೆ ಒಣಹಾಕಿದ್ದು ಬೆಳಿಗ್ಗೆ ಹಲಗೆ ತರ ಸೆಟೆದುಕೊಂಡಿತ್ತು, ಮಡಚೋಕೂ ಆಗಲಿಲ್ಲ. ಬೇಗ ಒಣಗುವ ಸಿಂಥೆಟಿಕ್ ಪ್ಯಾಂಟ್, ಉಣ್ಣೆ ಸಾಕ್ಸ್, ಮೇಲೆ ನೀರು ತಡೆಯುವ ಜಾಕೆಟ್ ಸಾಕು. ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಒಣ ಸಾಕ್ಸ್ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟುಕೊಳ್ಳಿ, ಅವು ಮಲಗುವಾಗ ಮಾತ್ರ. ಬೆಳಿಗ್ಗೆ ಎದ್ದು ಮತ್ತೆ ಆ ಒದ್ದೆ ಸಾಕ್ಸ್ ಹಾಕೋಕೆ ಜೀವ ಹೋಗುತ್ತದೆ ನಿಜ, ಆದರೂ ಹಾಕಿಕೊಳ್ಳಿ. ಒಣ ಜೊತೆಯನ್ನು ನಡಿಗೆಗೆ ಹಾಕಿದರೆ ಅದೂ ಅರ್ಧ ಗಂಟೆಯಲ್ಲಿ ಒದ್ದೆ, ಆಮೇಲೆ ರಾತ್ರಿಗೆ ಏನೂ ಇರಲ್ಲ.

ಬೂಟು ಕಣಕಾಲು ಮುಚ್ಚುವಂಥದ್ದೇ ಬೇಕು. ಅದು ನೀರು ತಡೆಯುತ್ತದಾ ಅಂತ ಇಲ್ಲೇ ನೋಡಬಹುದು: ಹಾಕಿಕೊಂಡು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ, ಗೊತ್ತಾಗಿಬಿಡುತ್ತದೆ. ಮೇಲಿಂದ ಹಿಮ ಒಳಗಿಳಿಯದಂತೆ ಗೇಟರ್, ಅಂದರೆ ಬೂಟಿನ ಮೇಲಿಂದ ಕಾಲಿಗೆ ಸುತ್ತಿ ಕಟ್ಟುವ ಕವಚ, ಕಡ್ಡಾಯ. ಗೇಟರ್, ಮೈಕ್ರೋಸ್ಪೈಕ್ (ಜಾರದಂತೆ ಬೂಟಿನ ಅಡಿಗೆ ಹಾಕುವ ಸರಪಳಿ, ಅದಕ್ಕೆ ಕಬ್ಬಿಣದ ಹಲ್ಲು ಇರುತ್ತವೆ) ಚಾರಣ ಶುರುವಾಗುವ ಊರು ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ, ಜಿಪ್ಪು ಸರಪಳಿ ಎಲ್ಲ ಎಳೆದು ನೋಡಿ ತೊಗೊಳ್ಳಿ. ಕೈಗೆ ನನ್ನ ಸಲಹೆ, ಉಣ್ಣೆ ಗ್ಲೌಸ್ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಒಂದು ಸೈಜ್ ದೊಡ್ಡದು. ದೇವರಾಜ ಮಾರ್ಕೆಟ್ ಸುತ್ತಮುತ್ತ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ನೋಡೋಕೆ ಹೇಗಾದರೂ ಇರಲಿ, ಬೆರಳು ಒಣಗಿರುತ್ತವೆ.

ಹಿಮದಲ್ಲಿ ನಡೆಯೋಕೆ ಒಳ್ಳೆಯ ಹೊತ್ತು ಬೆಳಗಿನ ಜಾವ. ರಾತ್ರಿ ಮೇಲ್ಪದರ ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ, ಸ್ಪೈಕ್ ಕಚ್ಚಿಕೊಳ್ಳುತ್ತದೆ. ತುದಿಗೆ ಮೂರು ನಾಲ್ಕು ಗಂಟೆಗೇ ಹೊರಡಿಸುವುದು ಸೂರ್ಯೋದಯ ನೋಡೋಕೆ ಮಾತ್ರ ಅಲ್ಲ, ಹಿಮ ಮೆತ್ತಗಾಗುವ ಮೊದಲು ಇಳಿದುಬಿಡಬೇಕು ಅಂತ. ಫೋಟೋ ತೆಗೆಯುತ್ತಾ ತುದಿಯಲ್ಲೇ ಕೂತುಬಿಡಬೇಡಿ. ಬಿಸಿಲು ಬಂದ ಮೇಲೆ ಒದ್ದೆ ಹಿಮ ಸ್ಪೈಕ್ ಕೆಳಗೆ ಉಂಡೆ ಕಟ್ಟುತ್ತದೆ, ಆಗ ಹಲ್ಲು ನೆಲಕ್ಕೆ ತಾಗುವುದೇ ಇಲ್ಲ. ಆಗಾಗ ಕೋಲಿನಿಂದ ಬೂಟಿನ ಪಕ್ಕಕ್ಕೆ ತಟ್ಟಿ ಉದುರಿಸಿ. ಬಂಡೆ, ಮರದ ಬುಡದ ಪಕ್ಕ ಕಾಲಿಡಬೇಡಿ. ಬಂಡೆ ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತದೆ, ಮೇಲೆ ಗಟ್ಟಿ ಕಂಡರೂ ಕೆಳಗೆ ಟೊಳ್ಳು. ಹಿಮದಡಿ ನೀರು ಹರಿಯುವ ಸದ್ದು ಕೇಳಿದ ಕಡೆಯೂ ಅಷ್ಟೇ, ಗೈಡ್ ದಾಟಿದ ಜಾಗದಲ್ಲೇ ಒಬ್ಬೊಬ್ಬರಾಗಿ ದಾಟಿ. ಇಳಿಯುವಾಗ ಕೂತು ಜಾರೋಕೆ ಎಲ್ಲರಿಗೂ ಆಸೆ, ಆದರೆ ಸ್ಪೈಕ್ ಹಾಕಿಕೊಂಡು ಮಾತ್ರ ಜಾರಲೇಬೇಡಿ. ಹಲ್ಲು ಸಿಕ್ಕಿಕೊಂಡರೆ ಕಣಕಾಲು ಮುರಿಯುತ್ತದೆ.

ತಯಾರಿಗೆ ನಮಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ, ಇನ್ನೇನು ಬೇಕು ಹೇಳಿ. ಸುಮ್ನೆ ಹತ್ತಿ ಬಸ್ಸಲ್ಲಿ ಬಂದರೆ ಪ್ರಯೋಜನ ಇಲ್ಲ. ಬೆನ್ನಿಗೆ ಆರೇಳು ಕೆಜಿ ಹೊತ್ತು ಹತ್ತಿ, ಮೆಟ್ಟಿಲಲ್ಲೇ ಇಳಿಯಿರಿ, ಯಾಕಂದ್ರೆ ಮೆತ್ತನೆ ಹಿಮದಲ್ಲಿ ಮಂಡಿಗೆ ಏಟು ಬೀಳುವುದು ಇಳಿಯುವಾಗಲೇ ಜಾಸ್ತಿ. ಮೈಸೂರು ಇರುವುದು ಸುಮಾರು 2,500 ಅಡಿಯಲ್ಲಿ, ಕೇದಾರಕಂಠ 12,500 ಅಡಿ. ಅಷ್ಟು ಎತ್ತರಕ್ಕೆ ಮೈ ಒಗ್ಗದೆ ತಲೆನೋವಿನ ಜೊತೆ ವಾಂತಿ ಶುರುವಾದರೆ ಮುಚ್ಚಿಡದೆ ಗೈಡ್‌ಗೆ ಹೇಳಿ, ಮುಂದೆ ಹತ್ತಬೇಡಿ. ಬಿಪಿ, ಶುಗರ್ ಇರುವವರು ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಕಪ್ಪು ಕನ್ನಡಕ ಮರೆಯಬೇಡಿ, ಮೋಡ ಇದ್ದರೂ ಹಿಮದ ಬೆಳಕು ಕಣ್ಣು ಸುಡುತ್ತದೆ.

ತಿನ್ನೋಕೆ ಕಡಲೆ ಮಿಠಾಯಿ, ಕೋಡುಬಳೆ ಒಯ್ಯಿರಿ. ಜೇಬಿನಲ್ಲೇ ಇಟ್ಟುಕೊಂಡರೆ ನಡೆಯುತ್ತಲೇ ತಿನ್ನಬಹುದು. ಮದ್ದೂರು ವಡೆ ರೈಲಿಗೆ ಮಾತ್ರ.

ದೆಹಲಿಗೆ ಮೈಸೂರಿನಿಂದಲೇ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ ಇದೆ, ನಿಜಾಮುದ್ದೀನ್‌ವರೆಗೆ. ಅವಸರ ಇದ್ದರೆ ಬೆಂಗಳೂರಿಂದ ವಿಮಾನ. ಡೆಹ್ರಾಡೂನ್‌ನಿಂದ ಸಾಂಕ್ರಿ ಸುಮಾರು 200 ಕಿ.ಮೀ., ಆದರೆ ಘಾಟಿ ರಸ್ತೆ, ಇಡೀ ದಿನ ಬೇಕು. ದುಡ್ಡು ದಾರಿಯಲ್ಲಿ ಸಿಗುವ ಪುರೋಲ ಪಟ್ಟಣದಲ್ಲೇ ತೆಗೆದುಕೊಂಡುಬಿಡಿ, ಮನೆಗೆ ಫೋನೂ ಅಲ್ಲೇ ಮಾಡಿ. ವಾಪಸ್ ಟಿಕೆಟ್ ಮಾಡಿಸುವಾಗ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಹಿಮ ಕರಗುವ ಕಾಲದಲ್ಲಿ ಅದೇ ದಾರಿಯ ಮೋರಿ ಅನ್ನೋ ಊರಿನ ಕಡೆಯ ರಸ್ತೆ ಮೇಲೆ ಕಲ್ಲುಮಣ್ಣು ಜಾರಿ ಬಂದರೆ ತೆರವು ಮಾಡುವವರೆಗೂ ಗಾಡಿ ಹಿಂದೆ ಗಾಡಿ ನಿಂತಿರುತ್ತದೆ.