ಗೋದಲಿಯ ಹುಲ್ಲು

ನಮ್ಮಜ್ಜಿ ಕ್ರಿಸ್ಮಸ್‌ಗೆ ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಹುಲ್ಲು ಹಾಸುವ ಮೊದಲು ಹಿಡಿ ಹಿಡಿಯಾಗಿ ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಚುಚ್ಚಿದ ಕಡ್ಡಿಯನ್ನು ಆರಿಸಿ ಎಸೆಯುತ್ತಿದ್ದಳು. ದಿನವಿಡೀ ಕಾಫಿ ಕುಯ್ದು ಬೆರಳುಗಳು ಕಪ್ಪಿಟ್ಟು ದಡ್ಡುಗಟ್ಟಿರುತ್ತಿದ್ದವು. ಕೈಗೆ ಚುಚ್ಚುವುದು ತಿಳಿಯುತ್ತಿರಲಿಲ್ಲ, ಅದಕ್ಕೇ ಕೆನ್ನೆ. "ಬಾಲಯೇಸುವಿನ ಮೈ ಹಸಿ ಮೈ ಕಣೇ" ಎನ್ನುತ್ತಿದ್ದಳು.

ಆ ಹುಲ್ಲು ಸುಗ್ಗಿಯ ಹುತ್ತರಿ ಹಬ್ಬ ಕಳೆದು ಗದ್ದೆ ಕೊಯ್ಲಾದ ಮೇಲೆ ಪಕ್ಕದ ಕೊಡವರ ಮನೆಯಿಂದ ಬರುತ್ತಿತ್ತು. ಆ ಮನೆಯ ಅಜ್ಜ ಹೊರೆ ಇಳಿಸಿ, "ನಿಮ್ಮ ಮಗುವಿಗೆ" ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಈ ಸಲ ಮಗಳ ಶಾಲೆಯಲ್ಲಿ ಕ್ರಿಸ್ಮಸ್ ನಾಟಕ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1843ರಲ್ಲಿ ಬರೆದ ಜಿಪುಣನ ಕಥೆ. ಗೋದಲಿಯೂ ಇಲ್ಲ, ಮರಿಯಮ್ಮನೂ ಇಲ್ಲ, ಕೊನೆಗೆ ಸಾಂತಾ ಬಂದು ಚಾಕಲೇಟು ಹಂಚಿದ. ಮೊದಲು ನನಗೆ ಬೇಸರವಾಯಿತು. ಆದರೆ ಆ ಕಥೆಯಲ್ಲೊಬ್ಬ ಊರುಗೋಲು ಹಿಡಿದು ಕುಂಟುವ ಪುಟ್ಟ ಹುಡುಗನಿದ್ದಾನೆ. ಚರ್ಚಿನಲ್ಲಿ ಜನ ತನ್ನನ್ನು ನೋಡಲಿ, ಕುಂಟರನ್ನು ನಡೆಸಿದವನು ಯಾರೆಂದು ಹಬ್ಬದ ದಿನ ಅವರಿಗೆ ನೆನಪಾಗಲಿ ಎಂದುಕೊಳ್ಳುತ್ತಾನೆ. ಪ್ರಭುವಿನ ಹೆಸರೆತ್ತದೆಯೇ ಆಡಿದ ಮಾತು ಅದು. ನಾಟಕದಲ್ಲಿ ಅದನ್ನೇ ಬಿಟ್ಟುಬಿಟ್ಟಿದ್ದರು! ದಾನ, ಊಟ, ನಗು ಎಲ್ಲ ಇತ್ತು. ಅವೆಲ್ಲ ಯಾರಿಂದ ಹುಟ್ಟಿದವೋ ಆ ಒಂದು ಮಾತು ಮಾತ್ರ ಇರಲಿಲ್ಲ. ಕಥೆಯನ್ನು ದೂರಲಾರೆ. ಮಕ್ಕಳಿಗೆ ಅಷ್ಟನ್ನಾದರೂ ಹೇಳಿಕೊಡಬೇಕಾದವರು ನಾವೇ ಅಲ್ಲವೇ?

ಛತ್ರದಲ್ಲಿ ಸ್ಥಳ ಸಿಗದೆ ಮರಿಯಮ್ಮ ಕಂದನನ್ನು ಗೋದಲಿಯಲ್ಲಿ ಮಲಗಿಸಿದಳೆಂದು ಸಂತ ಲೂಕ ಬರೆಯುತ್ತಾನೆ. ಈ ಮಾತು ಓದುವಾಗೆಲ್ಲ ನನಗೆ ವಿರಾಜಪೇಟೆಯ ನಮ್ಮ ಸಂತ ಅನ್ನಮ್ಮನವರ ದೇವಾಲಯ ಕಣ್ಮುಂದೆ ಬರುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗನ್ನಾಳಿದ ದೊಡ್ಡ ವೀರರಾಜೇಂದ್ರರು ಇಲ್ಲಿ ಜಾಗ ಕೊಟ್ಟರು. 1792ರಿಂದ ಇಲ್ಲಿ ಪೂಜೆ ನಡೆದಿದೆ. ಲಿಂಗಾಯತ ಅರಸರು ಅವರು. ಯೇಸುವಿನ ಹೆಸರು ಹೇಳದೆಯೇ ಬಾಗಿಲು ತೆರೆದವರು. ಹುಲ್ಲು ತಂದ ಅಜ್ಜನೂ ಹಾಗೆಯೇ.

ಈಗ ಆ ಗದ್ದೆ ಪಾಳು ಬಿದ್ದಿದೆ. ಅಂಗಡಿಯಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಸಿಗುತ್ತದೆ, ನಾನೂ ಎರಡು ವರ್ಷ ಅದನ್ನೇ ಹಾಸಿದ್ದೆ. ಮೊನ್ನೆ ಇಪ್ಪತ್ಮೂರರ ಸಂಜೆ ಆ ಅಜ್ಜನ ಮೊಮ್ಮಗ ಜೀಪು ನಿಲ್ಲಿಸಿ, ಹೆಂಡತಿಯ ತವರಿಂದ ತಂದ ಒಂದು ಕಂತೆ ಹುಲ್ಲನ್ನು ಜಗಲಿಗೆ ಇಳಿಸಿದ.

"ತಾತ ಇದ್ದಿದ್ರೆ ಕೇಳ್ತಿದ್ರು ಅಕ್ಕ, ಮಗುವಿಗೆ ಹುಲ್ಲು ಹೋಯ್ತಾ ಅಂತ."

ನಡುರಾತ್ರಿಯ ಪೂಜೆಗೆ ಹೊರಡುವ ಮುಂಚೆ ಅದನ್ನು ಬಿಡಿಸಿ ಕೆನ್ನೆಗೆ ಒತ್ತಿದೆ. ಚಳಿಗೆ ಒದ್ದೆಯಾಗಿತ್ತು. ಎರಡು ಕಡ್ಡಿ ಚುಚ್ಚಿದವು, ಆರಿಸಿ ತೆಗೆದೆ.