ಕೆಂಪು ಹನಿಗಳು

12 ನವೆಂಬರ್ 2024, ಮಂಗಳವಾರ, ಬೆಂಗಳೂರು

ಮಧ್ಯಾಹ್ನ ಮೈಕ್ರೋಸ್ಕೋಪಿನ ಮುಂದೆ ಕೂತವಳು ಊಟಕ್ಕೆ ಏಳುವುದನ್ನೇ ಮರೆತೆ. ಕೆಳಗಿದ್ದದ್ದು ಮ್ಯಾಕ್ರೋಫೇಜ್ ಕೋಶಗಳು. ನಿನ್ನೆ ಅವಕ್ಕೆ ಆಕ್ಸಿಡೈಸ್ ಆದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಕೊಟ್ಟಿದ್ದೆ, ಇವತ್ತು ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಿದೆ. ಕೊಬ್ಬು ಇದ್ದಲ್ಲಿ ಮಾತ್ರ ಆ ಬಣ್ಣ ಹಿಡಿಯುತ್ತದೆ. ಮೊದಲ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ. ಎಲ್‌ಡಿಎಲ್ ಜೊತೆ ಡೀಸೆಲ್ ಹೊಗೆಯ ಕಣ ಬೆರೆಸಿದ ತಟ್ಟೆಯಲ್ಲಿ ಒಂದೊಂದು ಕೋಶವೂ ಬಿಡಿಸಿಟ್ಟ ದಾಳಿಂಬೆ! ಇನ್ನೂ ಎರಡು ಸಲ ಮಾಡಿ ನೋಡಬೇಕು, ನಿಜ. ಆದರೂ ಎದೆ ಝಲ್ಲೆಂದಿತು.

ಮ್ಯಾಕ್ರೋಫೇಜ್ ನಮ್ಮ ಮೈಯೊಳಗೆ ಕಸ ಗುಡಿಸುವ ಕೋಶ. ಕೀಟಾಣು, ಸತ್ತ ಕೋಶ, ಕೆಟ್ಟ ಕೊಲೆಸ್ಟ್ರಾಲ್, ಎಲ್ಲವನ್ನೂ ನುಂಗುತ್ತದೆ. ನುಂಗಿದ ಕೊಲೆಸ್ಟ್ರಾಲನ್ನು ಎಬಿಸಿಎ1 ಎಂಬ ಬಾಗಿಲಿನಿಂದ ಆಚೆ ಹಾಕುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಅದನ್ನು ಲಿವರ್‌ಗೆ ಹೊತ್ತೊಯ್ಯುತ್ತದೆ. ಹೊಗೆ ಎರಡೂ ಕಡೆ ಕೆಡಿಸುತ್ತದೆ. ಒಳಗೆ ಎಳೆದುಕೊಳ್ಳುವ ಸಿಡಿ36 ಎಂಬ ಬಾಗಿಲು ಜಾಸ್ತಿಯಾಗುತ್ತದೆ, ಆಚೆ ಹೋಗುವ ಬಾಗಿಲು ಕಮ್ಮಿಯಾಗುತ್ತದೆ. ಹೊಟ್ಟೆ ತುಂಬಿತು ಅಂತ ಸಿಡಿ36 ನಿಲ್ಲುವುದೂ ಇಲ್ಲ. ಪಾಪ, ಗುಡಿಸಲು ಬಂದದ್ದೇ ಕಸದ ಗುಡ್ಡೆಯಾಗಿ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ. ಹೃದಯದ ಬ್ಲಾಕ್ ಶುರುವಾಗುವುದು ಹೀಗೆ.

ನೋಡುತ್ತಾ ನೋಡುತ್ತಾ ಊರಿನ ಬಚ್ಚಲ ಒಲೆ ಕಣ್ಣಿಗೆ ಬಂತು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಹಂಡೆ ನೀರಿಗೆ ಮಾತ್ರ ಈಗಲೂ ಸೌದೆಯೇ. ಡೀಸೆಲ್ ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ವಿಷ ಸೌದೆ ಹೊಗೆಯಲ್ಲೂ ಇದೆ. ಅಮ್ಮನಿಗೆ ಕೊಲೆಸ್ಟ್ರಾಲ್ ಇದೆ ಅಂದ ಡಾಕ್ಟರು ಎಣ್ಣೆ, ತುಪ್ಪ, ಕಾಯಿತುರಿಯ ಬಗ್ಗೆ ಕೇಳಿದರು. ಒಲೆಯ ಬಗ್ಗೆ ಕೇಳಲಿಲ್ಲ. ನಾನೂ ಕೇಳಿರಲಿಲ್ಲ, ಅದೇ ನನಗೆ ನೋವು. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40. ಅದೆಲ್ಲ ಬೀದಿಯ ಗಾಳಿಯ ಲೆಕ್ಕ. ಬಚ್ಚಲಲ್ಲಿ ಬಗ್ಗಿ ಕೂತು ಊದುಗೊಳವೆ ಊದುವವಳ ಮುಖದ ಮುಂದಿನ ಗಾಳಿಯನ್ನು ಅಳೆಯುವವರು ಯಾರು?

ಸಂಜೆ ಫೋನ್ ಮಾಡಿದೆ.

"ಅಮ್ಮಾ, ಸೌದೆ ಒಣಗಿದೆಯಾ?"

"ಎಲ್ಲಿ ಒಣಗುತ್ತೆ, ಮಳೆಗೆ ನೆಂದು ಕೂತಿದೆ. ಊದಿ ಊದಿ ಸಾಕಾಯ್ತು ಕಣೇ. ಯಾಕೆ?"

ದಾಳಿಂಬೆಯ ಕಥೆಯನ್ನೆಲ್ಲ ಹೇಳಿದೆ. ಸ್ಟೈಪೆಂಡ್ ಬಂದ ಕೂಡಲೇ ಗೀಸರ್ ಹಾಕಿಸುತ್ತೇನೆ, ಅಲ್ಲಿಯವರೆಗೆ ಗ್ಯಾಸ್ ಮೇಲೆ ಕಾಯಿಸಿಕೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಡೆ ನೀರಿನ ಹಿತ ಅದರಲ್ಲಿ ಎಲ್ಲಿ ಬರುತ್ತೆ," ಅಂದಳು. ಆಮೇಲೆ, "ಕರೆಂಟ್ ಬಿಲ್ ಎಷ್ಟು ಬರುತ್ತೆ, ಅದನ್ನ ಹೇಳು."