ಗಿರಣಿ ಬೋರ್ಡು, ಮೂರನೇ ವಾರ: ಎನಾಮೆಲ್ ಹದಕ್ಕೆ ಬಂತು

ಅಪ್ಪನ ಗಿರಣಿಯ ತಗಡಿನ ಬೋರ್ಡು ಅಂತೂ ಒಂದು ರೂಪಕ್ಕೆ ಬರುತ್ತಿದೆ. ನೀಲಿ ಮೇಲೆ ಹಳದಿಯಲ್ಲಿ ‘ಹಿಟ್ಟಿನ ಗಿರಣಿ’ ಅಂತ ಕಳೆದ ವಾರವೇ ಬ್ರಷ್‌ನಲ್ಲಿ ಬರೆದಿದ್ದೆ. ಉಳಿದದ್ದು ಶೇಡಿಂಗ್. ಲಾರಿಗಳ ಹಿಂದೆ ಇರುತ್ತದಲ್ವಾ, ಹಳದಿ ಅಕ್ಷರ ಕೆಳಗೆ ಬರುತ್ತಾ ಬರುತ್ತಾ ಕೆಂಪಾಗುವುದು, ಅದು ನನಗೆ ಬೇಕೇ ಬೇಕು. ಅದಕ್ಕೇ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ.

ಸಿಂಥೆಟಿಕ್ ಎನಾಮೆಲ್ ಡಬ್ಬಿಯಲ್ಲಿ ಜೋನಿಬೆಲ್ಲದಂತೆ ಇರುತ್ತದೆ. ನನ್ನ ನಾಝಲ್ 0.3 ಮಿ.ಮೀ., ಹಾಗೇ ಸುರಿದರೆ ಒಂದು ಹನಿಯೂ ಬರುವುದಿಲ್ಲ. ಬೇಗ ಒಣಗಲಿ ಅಂತ ಮೊದಲು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಅಂದರೆ ಲ್ಯಾಕರ್ ಬಣ್ಣ ತೆಳುಮಾಡುವ ದ್ರಾವಕ, ಬೆರೆಸಿದೆ. ದೊಡ್ಡ ತಪ್ಪು. ಸ್ಪ್ರೇ ಚೆನ್ನಾಗಿಯೇ ಬಂತು, ಆದರೆ ಸ್ವಲ್ಪ ಹೊತ್ತಿಗೆ ‘ಹಿ’ ಅಕ್ಷರದ ಹಳದಿ ಬಣ್ಣ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುಕ್ಕುಗಟ್ಟಿ ಎದ್ದುಬಂತು. ಎನಾಮೆಲ್ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗೆಲ್ಲ ಗಟ್ಟಿಯಾಗಲು ಮಾತ್ರ ದಿನಗಟ್ಟಲೆ ಬೇಕು, ಅಷ್ಟರೊಳಗೆ ಎನ್‌ಸಿಯಂಥ ಜೋರು ಥಿನ್ನರ್ ಬಿದ್ದರೆ ಪದರ ಉಬ್ಬಿಬಿಡುತ್ತದೆ. ಅಕ್ಷರವನ್ನು ಕೆರೆದು ತೆಗೆದು ಮತ್ತೆ ಬರೆದೆ.

ಈಗ ಬರೀ ಮಿನರಲ್ ಟರ್ಪೆಂಟೈನ್. ಸಿರಿಂಜಿನಲ್ಲಿ ಅಳೆದು 10 ಎಂ.ಎಲ್. ಬಣ್ಣಕ್ಕೆ 5 ಹಾಕಿದೆ. ಉಗುಳಿ ಉಗುಳಿ ಬಂತು, ಬರೀ ಚುಕ್ಕೆ. 8ಕ್ಕೆ ಪರವಾಗಿಲ್ಲ ಅನ್ನಿಸಿತು. ಸಮಸಮ ಮಾಡಿದಾಗ ಹೊಗೆಯ ಹಾಗೆ ಕೂತಿತು. ಆದರೆ ಈ ಲೆಕ್ಕವನ್ನೇ ಹಿಡಿದು ಕೂರಬೇಡಿ, ಹಳೇ ಡಬ್ಬಿಯ ಬಣ್ಣ ಜಾಸ್ತಿ ಗಟ್ಟಿ ಇರುತ್ತದೆ. ಕಡ್ಡಿಯಲ್ಲಿ ಅದ್ದಿ ಲೋಟದ ಒಳಮೈಗೆ ಬಣ್ಣ ಹಚ್ಚಿ ನೋಡಿ. ಹಾಲು ಇಳಿದಂತೆ ಇಳಿಯಬೇಕು, ಹಿಂದೆ ತೆಳ್ಳಗೆ ಕೆಂಪು ಪರೆ ಉಳಿಯಬೇಕು. ಪರೆ ನಿಲ್ಲದೆ ನೀರಿನ ಹಾಗೆ ಓಡಿದರೆ ಹದ ತಪ್ಪಿತು ಅಂತಲೇ. ಅಂಥ ಬಣ್ಣ ತಗಡಿನ ಮೇಲೆ ಜೇಡನ ಕಾಲಿನಂತೆ ಸಿಡಿಯುತ್ತದೆ.

ಸೋಸದೆ ಮಾತ್ರ ಹಾಕಬೇಡಿ. ಡಬ್ಬಿಯ ಮೇಲೆ ಕಟ್ಟಿದ ಕೆನೆಯ ಒಂದು ಚೂರು, ಸಾಸಿವೆಗಿಂತ ಸಣ್ಣದು, ನಾಝಲ್ ಮುಚ್ಚಿ ಅರ್ಧ ದಿನ ತಿಂದಿತು. ಈಗ ಹಳೇ ನೈಲಾನ್ ಕಾಲುಚೀಲವನ್ನು ಎರಡು ಮಡಿಕೆ ಮಾಡಿ ಸೋಸುತ್ತೇನೆ.

ಏರ್‌ಬ್ರಷ್‌ನ ಗಾಳಿಯ ಒತ್ತಡ 25 ಪಿಎಸ್‌ಐ ಇಟ್ಟೆ. ಟರ್ಪೆಂಟೈನ್ ನಿಧಾನಕ್ಕೆ ಆರುವುದರಿಂದ ಒಂದೇ ಸಲಕ್ಕೆ ಕೆಂಪು ಮಾಡಲು ಹೋದರೆ ಬಣ್ಣ ಸೋರುತ್ತದೆ. ತೆಳ್ಳಗೆ ಮೂರು ಕೋಟ್ ಕೊಟ್ಟೆ, ನಡುವೆ 15 ನಿಮಿಷ ಬಿಟ್ಟು. ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟು, ಆವಿ ಹಿಡಿಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಂಡೇ ಕೆಲಸ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು.

‘ಹಿಟ್ಟಿನ’ ಮುಗಿಯಿತು. ‘ಗಿರಣಿ’ ಭಾನುವಾರ.